ಎರಡು ವಿಮಾನ, ಎರಡು ಮುಖಪುಟ

1983ರ ಸೆಪ್ಟೆಂಬರ್ 1. ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಹೊಕ್ಕಿದ್ದ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನವನ್ನು ಸಖಾಲಿನ್ ದ್ವೀಪದ ಬಳಿ ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿತು. ಸತ್ತವರು 269 ಮಂದಿ. 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ 655 ವಿಮಾನಕ್ಕೆ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಕ್ಷಿಪಣಿ ಹಾರಿಸಿತು. ಸತ್ತವರು 290 ಮಂದಿ. ಅವರಲ್ಲಿ 66 ಮಕ್ಕಳಿದ್ದರು, 10 ಭಾರತೀಯರಿದ್ದರು.

ಮೊದಲ ಘಟನೆಗೆ ‘ನ್ಯೂಸ್‌ವೀಕ್’ ಮುಖಪುಟ ಕೊಟ್ಟ ಶೀರ್ಷಿಕೆಯ ಅರ್ಥ: ಆಕಾಶದಲ್ಲಿ ಕೊಲೆ. ಎರಡನೆಯದಕ್ಕೆ: ಹೀಗೇಕಾಯಿತು. ಮೊದಲನೆಯದನ್ನು ಓದಿದವನು ಕೊಲೆಗಾರನನ್ನು ಹುಡುಕುತ್ತಾನೆ. ಎರಡನೆಯದನ್ನು ಓದಿದವನು ರಾಡಾರ್ ಪರದೆ, ಸಿಬ್ಬಂದಿಯ ಗಲಿಬಿಲಿ, ಕೈಲಿದ್ದ ಕೆಲವೇ ನಿಮಿಷಗಳ ವಿವರದಲ್ಲಿ ಮುಳುಗುತ್ತಾನೆ. ಯಾವ ಪತ್ರಿಕೆಯೂ ಸುಳ್ಳು ಬರೆಯಬೇಕಿಲ್ಲ. ಓದುಗನ ಕೈಗೆ ಯಾವ ಪ್ರಶ್ನೆ ಕೊಡುತ್ತದೆ ಎಂಬುದರಲ್ಲೇ ಅರ್ಧ ತೀರ್ಪು ಅಡಗಿರುತ್ತದೆ. ಅಮೆರಿಕದ ಪ್ರಮುಖ ಪತ್ರಿಕೆಗಳನ್ನೂ ಟಿವಿ ಸುದ್ದಿಯನ್ನೂ ಹೋಲಿಸಿ ರಾಬರ್ಟ್ ಎಂಟ್‌ಮನ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದೂ ಇದನ್ನೇ: ಒಂದು ನೈತಿಕ ಅಪರಾಧ, ಇನ್ನೊಂದು ತಾಂತ್ರಿಕ ತೊಡಕು. ಕೊರಿಯನ್ ವಿಮಾನದಲ್ಲಿ ಸತ್ತವರು ಮನುಷ್ಯರಾಗಿ ಕಂಡಷ್ಟು ಇರಾನ್ ವಿಮಾನದವರು ಕಾಣಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಎರಡೂ ಘಟನೆ ತದ್ರೂಪಿಯಲ್ಲ, ನಿಜ. ಹೊಡೆದದ್ದನ್ನು ವಾಷಿಂಗ್ಟನ್ ಅಂದೇ ಒಪ್ಪಿಕೊಂಡಿತು. ಮಾಸ್ಕೋದ ಸುದ್ದಿಸಂಸ್ಥೆ ತಾಸ್ ಮಾತ್ರ, ವಿಮಾನ ಜಪಾನ್ ಸಮುದ್ರದತ್ತ ಹಾರಿಹೋಯಿತು ಎಂದಿತ್ತು. ಆದರೆ ಅಮೆರಿಕದ ಮೊದಲ ವಿವರಣೆಯೂ ನಿಲ್ಲಲಿಲ್ಲ. ಇರಾನ್ ವಿಮಾನ ವಾಯುಮಾರ್ಗ ಬಿಟ್ಟು ಹಡಗಿನತ್ತ ಇಳಿದುಬರುತ್ತಿತ್ತು ಎಂದು ಪೆಂಟಗನ್ ಹೇಳಿತ್ತು. ಗಡುವಿನ ಒತ್ತಡದಲ್ಲಿದ್ದ ವರದಿಗಾರನಿಗೆ ತಕ್ಷಣ ಸಿಗುವುದು ತನ್ನದೇ ಸರ್ಕಾರದ ವಕ್ತಾರ. ಟೆಹರಾನ್‌ನ ಮಾತು ಅನುಮಾನ ಹೊತ್ತೇ ಅಚ್ಚಾಗುತ್ತದೆ. 1988ರ ಆಗಸ್ಟ್‌ನಲ್ಲಿ ಹೊರಬಂದ ಅಮೆರಿಕದ ಸೇನಾ ತನಿಖಾ ವರದಿ, ವಿಮಾನ ತನ್ನ ಮಾರ್ಗದಲ್ಲೇ ಇತ್ತು, ಮೇಲಕ್ಕೇರುತ್ತಿತ್ತು ಎಂದಿತು. ಅಷ್ಟರಲ್ಲಿ ಮುಖಪುಟಗಳು ಅಚ್ಚಾಗಿ ಮನೆಮನೆ ಸೇರಿ ವಾರಗಳೇ ಆಗಿದ್ದವು. 1996ರಲ್ಲಿ ಅಮೆರಿಕ ಮೃತರ ಕುಟುಂಬಗಳಿಗೆ 6.18 ಕೋಟಿ ಡಾಲರ್ ಕೊಡಲು ಒಪ್ಪಿತು, ಕಾನೂನಿನ ಹೊಣೆ ಹೊರದೆ.