ಮೌಸರನ ತೋಟಾ

ಕಾಳಗಕ್ಕೆಂದು ಹುಟ್ಟಿ ಬೇಟೆಗಾರರ ಮನವನ್ನು ಸೂರೆಗೊಂಡ ತೋಟಾಗಳಲ್ಲಿ ಜರ್ಮನಿಯ ಮೌಸರನ ೭ ಮಿಲಿಮೀಟರಿನ ತೋಟಾ ಅಗ್ರಗಣ್ಯವಾದುದು. ೧೮೯೩ರಲ್ಲಿ ಸ್ಪೇನಿನ ಸೇನೆ ಇದನ್ನು ಅಂಗೀಕರಿಸಿತು. ಬಳಿಕ ಇಂಗ್ಲೆಂಡಿನ ರಿಗ್ಬಿ ಕಂಪೆನಿ ಇದಕ್ಕೆ ‘.೨೭೫’ ಎಂದು ಹೆಸರಿಟ್ಟು ಬೇಟೆಯ ಕೋವಿಗಳನ್ನು ಮಾಡಿತು.

ಇದರ ಮಹಿಮೆ ಅಬ್ಬರದಲ್ಲಿಲ್ಲ. ಸುಮಾರು ೧೧ ಗ್ರಾಂ ತೂಕದ ನೀಳವಾದ ಗುಂಡು ಓರೆಯಾಗದೆ ಆಳಕ್ಕಿಳಿಯುವುದು. ಒದೆತ ಅಲ್ಪವಾದುದರಿಂದ ಗುರಿಕಾರನ ಕೈ ಅಳುಕದು. ಆನೆಯ ತಲೆಬುರುಡೆಯನ್ನು ಪರೀಕ್ಷಿಸಿ ಮಿದುಳಿನ ನೆಲೆಯನ್ನರಿತಿದ್ದ ಬೆಲ್ ಎಂಬ ಬೇಟೆಗಾರನು ಆಫ್ರಿಕದಲ್ಲಿ ಇದರಿಂದಲೇ ನೂರಾರು ಆನೆಗಳನ್ನು ಕೆಡಹಿದನು. ಗುರಿ ತಪ್ಪಿದರೆ ಮಾತ್ರ ಆನೆಗೆ ಯಾತನೆ, ಬೇಟೆಗಾರನಿಗೆ ಮೃತ್ಯು. ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ದೊರೆತುದೂ ಈ ತೋಟಾದ ಕೋವಿಯೇ.

ವಿನೋದದ ಬೇಟೆ ನಮ್ಮ ದೇಶದಲ್ಲಿ ಕಾಯಿದೆಯಿಂದ ನಿಂತಿತು. ನಿಂತುದು ಲೇಸೇ ಆಯಿತು. ಬಲಕ್ಕಿಂತ ಅರಿವು ದೊಡ್ಡದೆಂಬ ಈ ತೋಟಾದ ಪಾಠ ಮಾತ್ರ ಉಳಿದಿದೆ.