ಕಾಣದುದರ ಭಯ: ವಿದ್ಯಾರ್ಥಿಚಿತ್ರದ ಮೊದಲ ಎರಡು ನಿಮಿಷಗಳ ಸಂಕಲನ

ಚಲನಚಿತ್ರಕಲೆಯನ್ನು ಅಭ್ಯಾಸ ಮಾಡುವ ತರುಣರಿಗೆ ಭಯಾನಕ ಚಿತ್ರವೊಂದರ ಆರಂಭಭಾಗವನ್ನು ಮಾತ್ರ, ಅಂದರೆ ಅದರ ಮೊದಲ ಎರಡು ನಿಮಿಷಗಳಷ್ಟನ್ನೇ, ಚಿತ್ರೀಕರಿಸಿ ಸಂಕಲನ ಮಾಡಿ ತರುವಂತೆ ಹೇಳುವ ಪದ್ಧತಿ ಇಂಗ್ಲೆಂಡಿನ ಮಾಧ್ಯಮ ಅಧ್ಯಯನದ ತರಗತಿಗಳಲ್ಲಿ ಬಹಳ ಕಾಲ ರೂಢಿಯಲ್ಲಿತ್ತು. ಈಗ ಮೊಬೈಲ್ ಫೋನಿನಲ್ಲೇ ಕ್ಯಾಮರಾ ಬಂದು, ಸಂಕಲನದ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುವಂತಾದ ಮೇಲೆ, ಅಂತಹ ಪ್ರಯತ್ನವನ್ನು ನಮ್ಮ ಊರುಗಳ ಹುಡುಗ ಹುಡುಗಿಯರೂ ಕೈಗೊಳ್ಳಬಹುದಾಗಿದೆ. ಹೊರನೋಟಕ್ಕೆ ಇದು ಕಿರಿದಾದ ಕೆಲಸ. ಕಥೆಯನ್ನು ಮುಗಿಸುವ ಹೊಣೆಯಿಲ್ಲ, ಪಾತ್ರಗಳ ಚರಿತ್ರೆಯನ್ನು ಹೇಳುವ ಹೊಣೆಯಿಲ್ಲ. ಆದರೆ ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡು ನಿಮಿಷಕ್ಕೆ 2880 ಚೌಕಟ್ಟುಗಳಾಗುತ್ತವೆ. ಅವುಗಳಲ್ಲಿ ಯಾವುದು ಮೊದಲು, ಯಾವುದು ಅನಂತರ, ಯಾವುದು ಬೇಡವೇ ಬೇಡ ಎಂಬುದನ್ನು ನಿಶ್ಚಯಿಸಲು ಕುಳಿತವನಿಗೆ, ಭಯವೆಂಬ ಭಾವವು ಮನುಷ್ಯನಲ್ಲಿ ಹೇಗೆ ಉದಿಸುತ್ತದೆ ಎಂಬ ಹಳೆಯ ಪ್ರಶ್ನೆಯೇ ಎದುರಾಗಿ ನಿಲ್ಲುತ್ತದೆ.

ಈ ಪ್ರಶ್ನೆಗೆ ನಮ್ಮಲ್ಲಿ ಹಳೆಯ ಉತ್ತರವೂ ಉಂಟು. ಭರತನ ನಾಟ್ಯಶಾಸ್ತ್ರವು ಭಯಾನಕವನ್ನು ಎಂಟು ರಸಗಳಲ್ಲಿ ಒಂದೆಂದು ಎಣಿಸಿ, ಅದಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿ, ಅದನ್ನು ಹುಟ್ಟಿಸುವ ವಿಭಾವಗಳನ್ನು ಪಟ್ಟಿಮಾಡುವಾಗ ವಿಕೃತವಾದ ಧ್ವನಿಯಿಂದ ಆರಂಭಿಸಿ, ನರಿ ಗೂಗೆಗಳ ಕೂಗು, ಶೂನ್ಯವಾದ ಮನೆ, ಅರಣ್ಯ ಮುಂತಾದವನ್ನು ಹೆಸರಿಸುತ್ತದೆ. ರಕ್ತ, ಕೊಳೆತ ದೇಹ, ಅಸಹ್ಯವಾದ ವಸ್ತುಗಳು ಇವುಗಳಿಗೆ ಸೇರಿದ್ದು ಬೀಭತ್ಸವೆಂಬ ಬೇರೆಯೇ ರಸ. ವಿದ್ಯಾರ್ಥಿಗಳ ಭಯಾನಕ ಚಿತ್ರಗಳಲ್ಲಿ ಮೇಲಿಂದ ಮೇಲೆ ಕಾಣುವ ಕೊರತೆಯೆಂದರೆ ಈ ಎರಡನ್ನು ಒಂದೆಂದೇ ಭಾವಿಸಿ, ಕೆಂಪು ಬಣ್ಣವನ್ನೂ ಬಿಳಿಯ ಸೀರೆಯನ್ನೂ ಕೆದರಿದ ಕೂದಲನ್ನೂ ಮೊದಲ ನಿಮಿಷದಲ್ಲಿಯೇ ತೋರಿಸಿ ಮುಗಿಸಿಬಿಡುವುದು. ಬೀಭತ್ಸಕ್ಕೆ ವಸ್ತು ಕಣ್ಣೆದುರಿಗೆ ಇರಬೇಕು. ಭಯಾನಕಕ್ಕೆ ವಸ್ತು ಇನ್ನೂ ಬಾರದೆ, ಆದರೆ ಬರುತ್ತಿದೆಯೆಂಬ ಅರಿವು ಮಾತ್ರ ಮನಸ್ಸಿನಲ್ಲಿ ನೆಲೆಸಬೇಕು. ಈ ಅಂತರವನ್ನು ಕಾಪಾಡುವುದೇ ಸಂಕಲನಕಾರನ ಧರ್ಮ.

ನಮ್ಮ ಮೈಸೂರು ಜಿಲ್ಲೆಯಲ್ಲಿ ಅಂತಹ ಅರಿವನ್ನು ಮೂಡಿಸುವ ಸಾಮಗ್ರಿಗೆ ಕೊರತೆಯಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಗಂಗರ ರಾಜಧಾನಿಯ ದೇವಾಲಯಗಳು ಮರಳಿನೊಳಗೆ ಹುದುಗಿದ್ದವು. ಆ ಮರಳಿಗೆ ಕಾರಣವೆಂದು ಜನ ಹೇಳುವ, 17ನೆಯ ಶತಮಾನದ ಆರಂಭಕ್ಕೆ ಸೇರಿದ ಅಲಮೇಲಮ್ಮನ ಶಾಪದ ಕಥೆಯನ್ನು ಇಲ್ಲಿಯ ಮಕ್ಕಳೆಲ್ಲರೂ ಕೇಳಿ ಬಲ್ಲರು. ಆದರೆ ಪುರಾತನವಾದ ಸ್ಥಳವೇ ಬೇಕೆಂಬ ನಿಯಮವೇನೂ ಇಲ್ಲ. ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದಂತಹ ಜಾಗವನ್ನು ನೋಡಿ: ಹಗಲೆಲ್ಲ ಲಾರಿಗಳ ಸದ್ದು, ಜನರ ಓಡಾಟ, ಪಾಳಿ ಮುಗಿದು ಜನ ಚದುರಿದ ಮೇಲೆ ದೀಪದ ಕಂಬಗಳ ಕೆಳಗೆ ನೇರವಾಗಿ ಚಾಚಿಕೊಂಡ ಬರಿಯ ರಸ್ತೆ, ಮುಚ್ಚಿದ ಗೇಟು, ಗೋಡೆಯಾಚೆ ಯಾವುದೋ ಯಂತ್ರದ ನಿಲ್ಲದ ಗುಂಯ್‌ಗಾನ. ಭರತನು ಹೇಳಿದ ಶೂನ್ಯಗೃಹದ ಗುಣವೆಲ್ಲ ಈ ಜಾಗಕ್ಕೆ ಸಹಜವಾಗಿಯೇ ಇದೆ.

ಇಲ್ಲಿ ಚಿತ್ರೀಕರಿಸಬಹುದಾದ ಒಂದು ಆರಂಭವನ್ನು, ಕೇವಲ ದೃಷ್ಟಾಂತಕ್ಕಾಗಿ, ಕಲ್ಪಿಸಿಕೊಳ್ಳೋಣ. ವಸ್ತುವನ್ನು ದೂರದಿಂದ ತರಬೇಕಾಗಿಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಹಲವು ಊರುಗಳಲ್ಲಿಯೂ ಜನರು ತಮ್ಮ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಅನೇಕರ ನೆನಪಿನಲ್ಲಿದೆ. ರಾತ್ರಿಯ ಹೊತ್ತು ಒಂದು ಪ್ರೇತವು ಮನೆಯವರದೇ ಧ್ವನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ, ಬರಹವನ್ನು ಓದಿದರೆ ಅದು ಮರುದಿನ ಬರಲೆಂದು ಹಿಂದಿರುಗುತ್ತದೆ ಎಂಬುದು ಆ ವದಂತಿ. ನಮ್ಮ ದೃಷ್ಟಾಂತದಲ್ಲಿ ನಾಲ್ಕು ಸಂಗತಿಗಳು ಮಾತ್ರ ಇರಲಿ: ಮಳೆಯಲ್ಲಿ ಸೀಮೆಸುಣ್ಣದ ಅಕ್ಷರಗಳು ಕರಗಿಹೋದ ಒಂದು ಬಾಗಿಲು, ಒಳಗೆ ಬಟ್ಟೆ ಮಡಿಸುತ್ತ ಮಗನಿಗಾಗಿ ಕಾದಿರುವ ತಾಯಿ, ಹೊರಗಿನಿಂದ ‘ಅಮ್ಮಾ’ ಎಂಬ ಕರೆ, ಮತ್ತು ತಾಂಡ್ಯದ ರಸ್ತೆಯಲ್ಲಿ, ಕಾರ್ಖಾನೆಯ ಪಾಳಿ ಮುಗಿಸಿ, ಇನ್ನೂ ದೂರದಲ್ಲಿಯೇ ನಡೆದು ಬರುತ್ತಿರುವ ಮಗ.

ಈ ನಾಲ್ಕು ಸಂಗತಿಗಳಲ್ಲಿ ಯಾವುದರಲ್ಲಿಯೂ ಭೂತವಿಲ್ಲ ಎಂಬುದನ್ನು ಗಮನಿಸಬೇಕು. ತಾಯಿ ಎದ್ದು ಅಗುಳಿಗೆ ಕೈಹಾಕುವುದು ಮನೆಮನೆಯ ದೃಶ್ಯ. ಮಗ ನಡೆದು ಬರುವುದು ದಿನನಿತ್ಯದ ದೃಶ್ಯ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಮಾತ್ರ, ಮಗನು ಅಲ್ಲಿದ್ದರೆ ಬಾಗಿಲಲ್ಲಿ ಕರೆದವರು ಯಾರು ಎಂಬ ಪ್ರಶ್ನೆ ನೋಡುವವನ ಮನಸ್ಸಿನಲ್ಲಿ ತಾನಾಗಿ ಹುಟ್ಟುತ್ತದೆ. ರಷ್ಯದ ಲೆವ್ ಕುಲೆಷೋವ್ ಸುಮಾರು ನೂರು ವರ್ಷಗಳ ಹಿಂದೆ, ನಟ ಮೊಸ್ಜೂಖಿನನ ಭಾವರಹಿತವಾದ ಮುಖದ ಒಂದೇ ಶಾಟನ್ನು ಒಮ್ಮೆ ಊಟದ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ, ಒಮ್ಮೆ ಹೆಣ್ಣೊಬ್ಬಳ ಚಿತ್ರದೊಡನೆ ಜೋಡಿಸಿ ತೋರಿಸಿ, ಅದೇ ಮುಖದಲ್ಲಿ ಪ್ರೇಕ್ಷಕರು ಹಸಿವನ್ನೂ ದುಃಖವನ್ನೂ ಆಸೆಯನ್ನೂ ಕಾಣುವರೆಂದು ತಿಳಿಸಿದನು. ಅರ್ಥವು ಚಿತ್ರದಲ್ಲಿಲ್ಲ, ಚಿತ್ರಗಳ ಸಂಧಿಯಲ್ಲಿದೆ ಎಂಬ ಈ ತತ್ತ್ವವು ಭಯಾನಕಕ್ಕೆ ಅನ್ವಯಿಸುವಷ್ಟು ಪೂರ್ಣವಾಗಿ ಬೇರಾವ ರಸಕ್ಕೂ ಅನ್ವಯಿಸಲಾರದು.

ಇನ್ನು ಕ್ರಮದ ವಿಚಾರ. ಕರೆ ಮೊದಲು ಕೇಳಿ, ತಾಯಿ ಅಗುಳಿಯನ್ನು ಸರಿಸಿದ ಮೇಲೆ, ರಸ್ತೆಯಲ್ಲಿರುವ ಮಗನನ್ನು ತೋರಿಸಿದರೆ, ಪ್ರೇಕ್ಷಕನಿಗೆ ಒಂದು ಕ್ಷಣದ ಆಘಾತವಾಗುತ್ತದೆ. ಅದರ ಬದಲು ಮಗನು ಬಹುದೂರದಲ್ಲಿರುವನೆಂಬುದನ್ನು ಮೊದಲೇ ತೋರಿಸಿ, ಬಳಿಕ ಬಾಗಿಲಲ್ಲಿ ಅವನ ಧ್ವನಿಯನ್ನು ಕೇಳಿಸಿದರೆ, ತಾಯಿಗೆ ತಿಳಿಯದ ಸಂಗತಿ ಪ್ರೇಕ್ಷಕನಿಗೆ ತಿಳಿದಿರುವುದರಿಂದ, ಆಕೆ ಬಟ್ಟೆಯನ್ನು ಕೆಳಗಿಡುವುದು, ಏಳುವುದು, ಸೆರಗು ಸರಿಪಡಿಸಿಕೊಳ್ಳುವುದು, ಹೆಜ್ಜೆಯಿಡುವುದು ಇವೆಲ್ಲವೂ ಒಂದೊಂದೂ ಸಹಿಸಲಾರದಷ್ಟು ದೀರ್ಘವಾಗುತ್ತವೆ. ಆಲ್ಫ್ರೆಡ್ ಹಿಚ್‌ಕಾಕ್ ತನ್ನ ಸಂಭಾಷಣೆಗಳಲ್ಲಿ ಮತ್ತೆ ಮತ್ತೆ ವಿವರಿಸಿದ ಭೇದ ಇದೇ: ಮೇಜಿನ ಕೆಳಗಿನ ಬಾಂಬು ತಟ್ಟನೆ ಸಿಡಿದರೆ ಕೆಲವು ಸೆಕೆಂಡುಗಳ ಆಶ್ಚರ್ಯ, ಅದು ಇದೆಯೆಂದು ಮೊದಲೇ ತಿಳಿದಿದ್ದರೆ ಹಲವು ನಿಮಿಷಗಳ ತಳಮಳ. ಎರಡು ನಿಮಿಷದ ಆರಂಭದಲ್ಲಿ ವಿದ್ಯಾರ್ಥಿಯು ಆರಿಸಿಕೊಳ್ಳಬೇಕಾದುದು ಎರಡನೆಯ ದಾರಿಯನ್ನೇ ಎಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಆಘಾತವು ತನ್ನಲ್ಲಿಯೇ ಮುಗಿದುಹೋಗುತ್ತದೆ, ತಳಮಳವು ಮುಂದಿನ ಕಥೆಯನ್ನು ಬೇಡುತ್ತದೆ. ಆರಂಭವೆಂಬುದರ ಪ್ರಯೋಜನವೇ ಮುಂದಿನದನ್ನು ಬೇಡುವಂತೆ ಮಾಡುವುದು. ಅಳಿಸಿದ ಅಕ್ಷರಗಳ ಬಾಗಿಲನ್ನಾದರೋ ಎಲ್ಲಕ್ಕಿಂತ ಮೊದಲು, ಯಾವ ಒತ್ತೂ ಇಲ್ಲದೆ, ಮಳೆಯ ಸಾಧಾರಣ ದೃಶ್ಯವೆಂಬಂತೆ ಇಟ್ಟರೆ ಸಾಕು. ಅದರ ಅರ್ಥವು ಕರೆ ಕೇಳಿದಾಗ ಹಿಂದಕ್ಕೆ ಹೋಗಿ ತುಂಬಿಕೊಳ್ಳುತ್ತದೆ. ಅಗುಳಿ ಸರಿಯುವ ಮುನ್ನ ಶೀರ್ಷಿಕೆ ಬರಬೇಕು.

ಕ್ರಮವಾದ ಮೇಲೆ ಕಾಲಪ್ರಮಾಣ. ಪ್ರತಿಯೊಂದು ಶಾಟೂ ತನ್ನ ಸುದ್ದಿಯನ್ನು ಹೇಳಿ ಮುಗಿಸಿದ ಮೇಲೂ ಎಷ್ಟು ಹೊತ್ತು ನಿಲ್ಲಬೇಕು ಎಂಬುದಕ್ಕೆ ಗಣಿತವಿಲ್ಲ. ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ತನ್ನ ಪುಸ್ತಕದಲ್ಲಿ ಒಳ್ಳೆಯ ಕಟ್‌ನ ಆರು ಗುಣಗಳನ್ನು ಹೇಳುವಾಗ ಭಾವಕ್ಕೆ ನೂರರಲ್ಲಿ 51 ಪಾಲನ್ನೂ ಕಥೆಗೆ 23 ಪಾಲನ್ನೂ ಲಯಕ್ಕೆ 10 ಪಾಲನ್ನೂ ಕೊಟ್ಟು, ಸ್ಥಳದ ಅಖಂಡತೆಯಂತಹ ಉಳಿದ ನಿಯಮಗಳನ್ನು ಕೆಳಗಿನ ಸ್ಥಾನದಲ್ಲಿರಿಸಿದ್ದಾನೆ. ಶಾಟ್‌ಗಳು ಸರಿಯಾಗಿ ಕೂಡಿಕೊಳ್ಳಲಿಲ್ಲವೆಂದು ಕೊರಗುವ ವಿದ್ಯಾರ್ಥಿಗೆ ಇದು ದೊಡ್ಡ ಸಮಾಧಾನ. ಖಾಲಿ ರಸ್ತೆಯ ಶಾಟನ್ನು ಮೂರು ಸೆಕೆಂಡಿಗೆ ಕತ್ತರಿಸಿದರೆ ಅದು ಕೇವಲ ಸ್ಥಳಪರಿಚಯ. ಅದನ್ನೇ ಹತ್ತು ಸೆಕೆಂಡು ನಿಲ್ಲಗೊಟ್ಟರೆ ನೋಡುವವನ ಕಣ್ಣು ಚೌಕಟ್ಟಿನ ಮೂಲೆಮೂಲೆಗಳನ್ನು ಹುಡುಕತೊಡಗುತ್ತದೆ, ಹುಡುಕುವ ಕಣ್ಣು ತಾನೇ ಭಯವನ್ನು ತಂದುಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದ ವಿಧಾನವೂ ಉಂಟು. 1960ರ ‘ಸೈಕೋ’ ಚಿತ್ರದ ಸ್ನಾನಗೃಹದ ದೃಶ್ಯದಲ್ಲಿ ಸಂಕಲನಕಾರ ಜಾರ್ಜ್ ಟೊಮಾಸಿನಿ ಹತ್ತಾರು ಚಿಕ್ಕ ಚಿಕ್ಕ ತುಣುಕುಗಳನ್ನು ಕ್ಷಿಪ್ರವಾಗಿ ಪೋಣಿಸಿದ್ದರಿಂದ, ಚೂರಿಯು ದೇಹವನ್ನು ಹೊಗುವುದು ಬಹುಮಟ್ಟಿಗೆ ಕಾಣದಿದ್ದರೂ ಕಂಡೆವೆಂದೇ ಪ್ರೇಕ್ಷಕರಿಗೆ ಅನಿಸಿತು. ನಿಧಾನದಲ್ಲಾಗಲಿ ವೇಗದಲ್ಲಾಗಲಿ ತತ್ತ್ವ ಒಂದೇ, ತೋರಿಸದೆ ಕಾಣಿಸುವುದು. 1975ರ ‘ಜಾಸ್’ ಚಿತ್ರದ ಆರಂಭದಲ್ಲಿ ಇರುಳಿನ ಕಡಲಿಗೆ ಈಜಲು ಇಳಿದ ತರುಣಿಯನ್ನು ಎಳೆದೊಯ್ಯುವ ಮೀನು ಒಮ್ಮೆಯೂ ಕಾಣುವುದಿಲ್ಲ. ಯಂತ್ರದ ಮೀನು ಚಿತ್ರೀಕರಣದಲ್ಲಿ ಮತ್ತೆ ಮತ್ತೆ ಕೆಟ್ಟುಹೋಗುತ್ತಿದ್ದ ತೊಂದರೆಯೇ ಆ ಚಿತ್ರಕ್ಕೆ ಸಂಯಮವನ್ನು ಕಲಿಸಿತು, ಸಂಕಲನ ಮಾಡಿದ ವರ್ನಾ ಫೀಲ್ಡ್ಸ್ ಅವರಿಗೆ ಆಸ್ಕರ್ ಪ್ರಶಸ್ತಿಯೂ ಬಂತು. ಹಣವಿಲ್ಲದ, ಉಪಕರಣವಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ಹಿತವಾದ ನಿದರ್ಶನ ಬೇರೆ ಬೇಕಿಲ್ಲ.

ಧ್ವನಿಯ ಮಾತನ್ನು ಕೊನೆಗೆ ಎತ್ತಿದರೂ ಅದು ಕೊನೆಯದಲ್ಲ. ಭರತನು ಅದನ್ನೇ ಮೊದಲು ಹೇಳಿದ್ದನಲ್ಲವೆ? 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಹೆಂಗಸೊಬ್ಬಳು ರಾತ್ರಿ ಉದ್ಯಾನದ ಗೋಡೆಯ ಪಕ್ಕದಲ್ಲಿ ನಡೆಯುತ್ತಿರುವಾಗ ಹಿಂದಿನಿಂದ ಇನ್ನೊಬ್ಬಳ ಹೆಜ್ಜೆಯ ಸದ್ದು ಬರುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತುಹೋಗುತ್ತದೆ. ಮೌನದಲ್ಲಿ ಅವಳ ನಡಿಗೆ ಓಟವಾಗುತ್ತದೆ. ಆಗ ಪಕ್ಕದಿಂದ ಬುಸ್ಸೆಂದು ಚೌಕಟ್ಟಿನೊಳಕ್ಕೆ ನುಗ್ಗಿದ್ದು ಒಂದು ಬಸ್ಸು. ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟರ್ನರ್, ಸಂಕಲನಕಾರ ಮಾರ್ಕ್ ರಾಬ್ಸನ್ ಸೇರಿ ಸಾಧಿಸಿದ ಈ ಉಪಾಯಕ್ಕೆ ಚಿತ್ರೋದ್ಯಮದಲ್ಲಿ ‘ಬಸ್ಸು’ ಎಂಬ ಹೆಸರೇ ನಿಂತಿತು. ಅಲ್ಲಿ ಬೆಚ್ಚಿಬೀಳಿಸಿದ್ದು ಬಸ್ಸಿನ ಸದ್ದಾದರೂ ಹೆದರಿಸಿದ್ದು ಅದರ ಹಿಂದಿನ ಮೌನ. ತಾಂಡ್ಯದಲ್ಲಿ ಚಿತ್ರೀಕರಿಸುವವರು ಪ್ರತಿಯೊಂದು ಸ್ಥಳದಲ್ಲಿಯೂ ಯಾರೂ ಮಾತಾಡದೆ ಅರ್ಧ ನಿಮಿಷ ನಿಂತು ಆ ಸ್ಥಳದ ಬರಿಯ ಮೌನವನ್ನು ಮುದ್ರಿಸಿಕೊಳ್ಳಬೇಕು, ಏಕೆಂದರೆ ಮೌನವೂ ಊರಿಂದೂರಿಗೆ ಬೇರೆ: ಯಂತ್ರದ ಗುಂಯ್‌ಗಾನ, ಜೀರುಂಡೆ, ದೂರದ ರೈಲು. ಸಂಕಲನದಲ್ಲಿ ಜೀರುಂಡೆಯ ಸದ್ದನ್ನು ಮೊದಲಿನಿಂದಲೂ ಕೇಳಿಸುತ್ತ ಬಂದು, ‘ಅಮ್ಮಾ’ ಎಂಬ ಕರೆಗೆ ಒಂದು ಸೆಕೆಂಡು ಮುಂಚೆ ಅದನ್ನು ಪೂರ್ತಿಯಾಗಿ ನಿಲ್ಲಿಸಿದರೆ, ಪ್ರೇಕ್ಷಕನು ಕಾರಣ ತಿಳಿಯದೆಯೇ ಉಸಿರು ಬಿಗಿಹಿಡಿಯುತ್ತಾನೆ. ಕರೆಯನ್ನು ಬಾಗಿಲಿನ ಚಿತ್ರದ ಮೇಲಲ್ಲ, ತಾಯಿಯ ಕೈಯಲ್ಲಿರುವ ಮಗನ ಅಂಗಿಯ ಮೇಲೆ ಕೇಳಿಸುವುದು ಉತ್ತಮ. ಅಂಗಡಿಯ ಸರಕಿನಂತೆ ಸಿದ್ಧವಾಗಿ ಸಿಕ್ಕುವ ಕಿರುಚಾಟ, ಗುಡುಗು, ಪಿಟೀಲಿನ ಕರ್ಕಶ ಇವುಗಳ ಮೊರೆಹೊಕ್ಕರೆ ತಾಂಡ್ಯದ ರಾತ್ರಿಯು ಯಾವ ಊರಿನದೂ ಅಲ್ಲದ ರಾತ್ರಿಯಾಗಿಬಿಡುತ್ತದೆ.

ಕನ್ನಡದಲ್ಲಿ ಈ ಪ್ರಕಾರಕ್ಕೆ ಪರಂಪರೆಯಿಲ್ಲವೆನ್ನಲಾಗದು. ಅನಂತನಾಗ್, ಲಕ್ಷ್ಮಿ ಅಭಿನಯಿಸಿದ 1979ರ ‘ನಾ ನಿನ್ನ ಬಿಡಲಾರೆ’ ಒಂದು ತಲೆಮಾರನ್ನೇ ಹೆದರಿಸಿತು. 2013ರ ‘6-5=2’ ಚಿತ್ರವು ಚಾರಣಕ್ಕೆ ಹೋದ ಗೆಳೆಯರ ಕ್ಯಾಮರಾದಲ್ಲಿ ಉಳಿದ ದೃಶ್ಯಗಳೆಂಬ ರೀತಿಯನ್ನು ಕನ್ನಡಕ್ಕೆ ತಂದಿತು; 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಜನಪ್ರಿಯಗೊಳಿಸಿದ ಆ ರೀತಿಯಲ್ಲಿ ಸಂಕಲನವು ಅಸಂಸ್ಕೃತವಾಗಿ ಕಾಣುವಂತೆ ಅತಿ ಸಂಸ್ಕೃತವಾಗಿ ಮಾಡಬೇಕಾಗುತ್ತದೆ. ಪವನ್ ಕುಮಾರ್ ಅವರ 2016ರ ‘ಯು ಟರ್ನ್’ ಬೆಂಗಳೂರಿನ ಮಂದಿ ದಿನವೂ ಹತ್ತಿಳಿಯುವ ಮೇಲ್ಸೇತುವೆಯೊಂದನ್ನೇ ಭಯಕ್ಕೆ ನೆಲೆಯಾಗಿಸಿ, ಪಾಳುಮನೆಯಿಲ್ಲದೆಯೂ ಈ ರಸ ನಿಲ್ಲಬಲ್ಲುದೆಂದು ತೋರಿಸಿತು. ವಿದ್ಯಾರ್ಥಿಯ ಕೆಲಸವೆಂದು ಕಡೆಗಣಿಸಬೇಕಾಗಿಯೂ ಇಲ್ಲ: ಗಿರೀಶ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದುತ್ತಿದ್ದಾಗ ಮಾಡಿದ ‘ಅವಶೇಷ’ಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು, 1977ರ ‘ಘಟಶ್ರಾದ್ಧ’ ಅದರ ಬೆನ್ನಿಗೇ ಬಂತು, ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಕಲಿತು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯವರೆಗೆ ನಡೆದರು.

ಒಂದು ಎಚ್ಚರಿಕೆಯ ಮಾತು ಉಳಿದಿದೆ. ಭಯವು ನಮ್ಮ ಸಮಾಜದಲ್ಲಿ ಕೇವಲ ವಿನೋದವಾಗಿ ಉಳಿದಿಲ್ಲ. ಮಾಟ, ಭಾನಾಮತಿಗಳ ಹೆಸರಿನಲ್ಲಿ ಅಸಹಾಯಕರನ್ನು ಪೀಡಿಸಿದ ಕಾರಣದಿಂದಲೇ 2017ರಲ್ಲಿ ಕರ್ನಾಟಕವು ಅಂತಹ ಆಚರಣೆಗಳ ವಿರುದ್ಧ ಶಾಸನವನ್ನು ಮಾಡಬೇಕಾಯಿತು. ಊರಾಚೆಯ ಮುದುಕಿಯನ್ನೋ, ದುಡಿಯಲು ದೂರದಿಂದ ಬಂದ ಕೂಲಿಯವನನ್ನೋ, ಯಾರದೋ ಕುಲದೇವತೆಯನ್ನೋ ಭಯದ ಮುಖವಾಗಿ ಚಿತ್ರದ ಮೊದಲ ನಿಮಿಷದಲ್ಲಿ ನಿಲ್ಲಿಸುವುದು ಕಲೆಯ ದೃಷ್ಟಿಯಿಂದ ಸೋಮಾರಿತನ, ನೀತಿಯ ದೃಷ್ಟಿಯಿಂದ ಅನ್ಯಾಯ. ಮುಖವನ್ನು ಕೊಡದಿರುವ ಭಯವು ಹೆಚ್ಚು ಬಲವುಳ್ಳದ್ದೂ ಹೌದು, ಯಾರಿಗೂ ಕೇಡು ಮಾಡದಿರುವಂಥದ್ದೂ ಹೌದು. ಈ ಒಂದು ಎಡೆಯಲ್ಲಿ ಕಲೆಯ ವಿವೇಕವೂ ಲೋಕದ ವಿವೇಕವೂ ಒಂದೇ ಮಾತನ್ನು ಹೇಳುತ್ತವೆ.

ಸಂಕಲನ ಮುಗಿಯಿತೆಂದು ತೋರಿದಾಗ ವಿದ್ಯಾರ್ಥಿಯು ಮಾಡತಕ್ಕ ಎರಡು ಕೆಲಸಗಳಿವೆ. ಮೊದಲನೆಯದು, ಚಿತ್ರೀಕರಣದ ಶ್ರಮವನ್ನು ಅರಿಯದವರೊಬ್ಬರಿಗೆ ಅದನ್ನು ತೋರಿಸಿ, ಪರದೆಯನ್ನಲ್ಲ, ಅವರ ಮುಖವನ್ನು ನೋಡುವುದು. ಅವರ ಕಣ್ಣು ಎಲ್ಲಿ ಸಡಿಲವಾಯಿತೋ ಅಲ್ಲಿ ಏನೋ ಒಂದು ಹೆಚ್ಚಾಗಿದೆಯೆಂದು ತಿಳಿಯಬೇಕು. ಎರಡನೆಯದು, ಬಹಳ ಕಷ್ಟಪಟ್ಟು ತೆಗೆದ, ತನಗೆ ಅತ್ಯಂತ ಪ್ರಿಯವಾದ ಶಾಟನ್ನು ಒಮ್ಮೆ ತೆಗೆದುಹಾಕಿ, ಅದಿಲ್ಲದೆ ಚಿತ್ರ ನಿಲ್ಲುವುದೇ ಎಂದು ಪರೀಕ್ಷಿಸುವುದು. ನಿಂತರೆ ಅದನ್ನು ಹಿಂದಕ್ಕೆ ತರಬಾರದು. ತೋರಿಸುವ ಶಕ್ತಿ ಇಂದು ಎಲ್ಲರ ಕಿಸೆಯಲ್ಲಿಯೂ ಇದೆ. ತಡೆಹಿಡಿಯುವ ಶಕ್ತಿ ಅಭ್ಯಾಸದಿಂದ ಮಾತ್ರ ಬರತಕ್ಕದ್ದು; ಅದನ್ನು ಇಪ್ಪತ್ತರ ವಯಸ್ಸಿನಲ್ಲಿ, ಎರಡು ನಿಮಿಷದ ಚಿತ್ರದಲ್ಲಿ ಸಾಧಿಸಿಕೊಂಡವನು ಮುಂದೆ ಎರಡು ಗಂಟೆಯ ಯಾವ ಕಥೆಯನ್ನಾದರೂ ಪ್ರೇಕ್ಷಕನ ಬುದ್ಧಿಗೆ ಗೌರವ ಕೊಟ್ಟು ಹೇಳಬಲ್ಲನು.