ಗೋಡೆಯ ಬೆನ್ನಿಗೆ ನಿಂತ ನೀರು

ನೆಲಮಾಳಿಗೆಯ ಗೋಡೆಯಲ್ಲಿ ತೇವ ಕಂಡಕೂಡಲೇ ಹೆಚ್ಚಿನವರು ಒಳಗಿನಿಂದ ಒಂದು ಲೇಪ ಬಳಿಯಲು ಹೊರಡುತ್ತಾರೆ. ತೇವ ಕಾಣುತ್ತಿರುವುದು ಒಳಮೈಯಲ್ಲಿ, ಹಾಗಾಗಿ ಮದ್ದೂ ಅಲ್ಲೇ ಬೀಳಬೇಕು ಎನ್ನುವ ಎಣಿಕೆ ಅದರ ಹಿಂದಿದೆ. ಟೊಳ್ಳು ಕಾಂಕ್ರೀಟ್ ಬ್ಲಾಕಿನಲ್ಲಿ ಕಟ್ಟಿದ ಗೋಡೆಗೆ ಈ ಎಣಿಕೆ ಹೊಂದುವುದಿಲ್ಲ. ಅಂಥ ಗೋಡೆಯನ್ನು ಕಾಪಾಡುವ ಕೆಲಸ ಶುರುವಾಗಬೇಕಾದದ್ದು ಸೂರಿನಲ್ಲಿ, ಆಮೇಲೆ ಅಂಗಳದ ಇಳಿಜಾರಿನಲ್ಲಿ, ಆಮೇಲೆ ತಳಪಾಯದ ಬದಿಯ ಮಣ್ಣಿನಲ್ಲಿ. ಒಳಮೈಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಅಮೆರಿಕ, ಕೆನಡಾಗಳಲ್ಲಿ ಮನೆ ಕೊಂಡು ನೆಲೆಸಿರುವ ಕನ್ನಡಿಗರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ನಮ್ಮ ಊರುಗಳಲ್ಲಿ ವಾಸದ ಮನೆಗೆ ನೆಲಮಾಳಿಗೆ ಇರುವುದೇ ಅಪರೂಪ; ಹಾಗಾಗಿ ಹಿರಿಯರಿಂದ ಕೇಳಿ ಕಲಿತ ತಿಳಿವಳಿಕೆ ಇಲ್ಲಿ ಅವರ ಕೈಹಿಡಿಯುವುದಿಲ್ಲ.

ಅಲ್ಲಿ ನೆಲಮಾಳಿಗೆಗೆ ದಾರಿ ಮಾಡಿದ್ದು ಚಳಿ. ಮಣ್ಣಿನಲ್ಲಿರುವ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ತಳಪಾಯವನ್ನೇ ಎತ್ತಿಬಿಡುತ್ತದೆ. ಆದ್ದರಿಂದ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ತಳಪಾಯ ಕೂರಬೇಕು. ಮಿನ್ನೆಸೋಟ ರಾಜ್ಯದ ಕಟ್ಟಡ ನಿಯಮ ಈ ಆಳವನ್ನು ದಕ್ಷಿಣ ಭಾಗಕ್ಕೆ 3.5 ಅಡಿ, ಉತ್ತರಕ್ಕೆ 5 ಅಡಿ ಎಂದು ಗೊತ್ತುಮಾಡಿದೆ. ಅಷ್ಟು ಅಗೆಯುವುದು ಹೇಗೂ ತಪ್ಪದ ಮೇಲೆ ಇನ್ನೂ ಕೆಲವು ಅಡಿ ಅಗೆದು ಕೋಣೆಯನ್ನೇ ಮಾಡಿಕೊಳ್ಳುವುದು ರೂಢಿಯಾಯಿತು. 1900ರಲ್ಲಿ ಹಾರ್ಮನ್ ಪಾಮರ್ ಟೊಳ್ಳು ಬ್ಲಾಕ್ ಅಚ್ಚುಹಾಕುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಬ್ಲಾಕುಗಳು ಅಗ್ಗವಾದವು, ಸಾವಿರಾರು ನೆಲಮಾಳಿಗೆಗಳು ಅವುಗಳಿಂದ ಎದ್ದವು. ಸಾಮಾನ್ಯ ಬ್ಲಾಕು 16 ಅಂಗುಲ ಉದ್ದ, 8 ಅಂಗುಲ ಎತ್ತರ. ಒಳಗೆ ಎರಡೋ ಮೂರೋ ಪೊಳ್ಳು. 8 ಅಡಿಯ ಗೋಡೆಗೆ 12 ವರಸೆ ಬೇಕು. ವರಸೆಗಳು ಏರಿದಂತೆ ಪೊಳ್ಳುಗಳು ಒಂದರ ಮೇಲೊಂದು ಕೂತು ಗೋಡೆಯ ಹೊಟ್ಟೆಯೊಳಗೆ ಉದ್ದುದ್ದ ಕೊಳವೆಗಳಾಗುತ್ತವೆ. ಹೊರಗಡೆಯ ಗಾರೆಯ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಅಲ್ಲಿಂದ ನುಗ್ಗಿ ಕೊಳವೆಯಲ್ಲಿಳಿದು ತಳದ ವರಸೆಯಲ್ಲಿ ತುಂಬಿಕೊಳ್ಳುತ್ತದೆ. ಒಳಗೆ ನೆಲದಂಚಿನಲ್ಲಿ ಒಸರುತ್ತಿರುವ ನೀರು ಹೊರಗಿಂದ ಹೊಕ್ಕ ಜಾಗ ಐದಡಿ ಮೇಲೆ, ಹತ್ತಡಿ ಆಚೆ ಇರಬಹುದು. ಕಂಡ ಕಲೆಯನ್ನೇ ಹಿಡಿದು ತೇಪೆ ಹಾಕುವುದು ಹಾಗಾಗಿ ಬಹುಪಾಲು ವ್ಯರ್ಥ.

ಒಳಗಿನ ಲೇಪ ಏಕೆ ಸೋಲುತ್ತದೆ ಎಂಬುದಕ್ಕೆ ಒತ್ತಡದ ಲೆಕ್ಕ ಸಾಕು. ನೆನೆದ ಮಣ್ಣಿನಲ್ಲಿ ನೀರು ಒಂದು ಮೀಟರ್ ಎತ್ತರಕ್ಕೆ ನಿಂತರೆ, ಅದರ ತಳದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಹತ್ತಿರ ಹತ್ತಿರ ಒಂದು ಟನ್ ಭಾರ ಬೀಳುತ್ತದೆ. ಎರಡು ಮೀಟರಿಗೆ ಎರಡು ಟನ್. ಹೊರಮೈಗೆ ಹಚ್ಚಿದ ಪೊರೆಯನ್ನು ಈ ಒತ್ತಡ ಗೋಡೆಗೇ ಅದುಮುತ್ತದೆ, ಒಳಮೈಯದ್ದನ್ನು ಗೋಡೆಯಿಂದ ಆಚೆ ನೂಕುತ್ತದೆ. ಜೊತೆಗೆ, ಸಿಮೆಂಟಿನ ಲವಣಗಳು ನೀರಿನಲ್ಲಿ ಕರಗಿ ಬಂದು ಲೇಪದ ಹಿಂದೆ ಹರಳುಗಟ್ಟಿ ಅದನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತವೆ. ಬರಿಯ ಗೋಡೆಯ ಮೇಲೆ ಬಿಳಿ ಪುಡಿಯಾಗಿ ಕಾಣುವುದೂ ಇದೇ ಉಪ್ಪು. ಲೇಪ ಗಟ್ಟಿಯಾಗಿ ಕಚ್ಚಿಕೊಂಡರೂ ಗೆದ್ದಂತಲ್ಲ. ಹೊರಬರಲು ದಾರಿಯಿಲ್ಲದ ನೀರು ಪೊಳ್ಳುಗಳಲ್ಲಿ ಇನ್ನೂ ಮೇಲಕ್ಕೆ ಏರುತ್ತದೆ.

ಹೀಗಿದ್ದರೂ ಬಣ್ಣ ಬಳಿದ ಮೇಲೆ ವರ್ಷಗಟ್ಟಲೆ ಗೋಡೆ ಒಣಗಿಯೇ ಇದೆ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಒತ್ತಡವಿಲ್ಲದೆ ಬರೀ ತೇವ ಹಾಯುವ ಗೋಡೆಗೆ ಸಿಮೆಂಟ್ ಬೆರೆತ ಒಳ್ಳೆಯ ಲೇಪ ಸಾಕಾಗುತ್ತದೆ. ಕೆಲವು ಕಡೆ ಅದು ಸೋರಿಕೆಯೇ ಆಗಿರುವುದಿಲ್ಲ. ಬೇಸಿಗೆಯ ಬಿಸಿ ಗಾಳಿಯ ತೇವ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿರುತ್ತದೆ. ಯಾವುದು ಯಾವುದೆಂದು ತಿಳಿಯುವುದು ಕಷ್ಟವಲ್ಲ: ಒಂದು ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಬೇಕು. ಹನಿ ಕೋಣೆಯ ಕಡೆಗಿದ್ದರೆ ಅದು ಗಾಳಿಯದು, ತೇವ ಹೀರುವ ಯಂತ್ರ ಅದಕ್ಕೆ ಸಾಕು. ಹಾಳೆಯ ಹಿಂಬದಿ ಒದ್ದೆಯಾಗಿದ್ದರೆ ಗೋಡೆಯದು. ಈ ಪರೀಕ್ಷೆ ಮಾಡದೆ ದುಡ್ಡು ಸುರಿಯುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಗೋಡೆಯದೇ ನೀರು ಎಂದಾದರೆ ಮೊದಲು ತಲೆಯೆತ್ತಿ ಮಾಡನ್ನು ನೋಡಬೇಕು. 1,000 ಚದರಡಿ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರಾಗುತ್ತದೆ. ಸೂರಿನ ದೋಣಿ ಎಲೆ ಕಟ್ಟಿಕೊಂಡು ಉಕ್ಕಿದರೆ, ಅಥವಾ ಇಳಿಪೈಪು ಗೋಡೆಯ ಬುಡದಲ್ಲೇ ಬಾಯಿ ತೆರೆದರೆ, ಇಷ್ಟೂ ನೀರು ತಳಪಾಯದ ಪಕ್ಕದ ಮಣ್ಣಿಗೆ. ಆ ಮಣ್ಣೋ, ಕಟ್ಟುವಾಗ ಅಗೆದು ಮತ್ತೆ ತುಂಬಿದ ಸಡಿಲ ಮಣ್ಣು. ಸುತ್ತಲಿನ ಗಟ್ಟಿ ನೆಲಕ್ಕಿಂತ ಬೇಗ ನೀರು ಕುಡಿಯುತ್ತದೆ. ಕಾಲ ಕಳೆದಂತೆ ಅದು ಕುಸಿದು ಇಳಿಜಾರು ಮನೆಯ ಕಡೆಗೇ ತಿರುಗುತ್ತದೆ. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಅಂಗುಲ ಇಳಿಯಬೇಕು ಎನ್ನುತ್ತದೆ ಅಮೆರಿಕದ ವಸತಿ ಕಟ್ಟಡ ಸಂಹಿತೆ. ದೋಣಿಯ ಎಲೆ ತೆಗೆದು, ಇಳಿಪೈಪನ್ನು ದೂರಕ್ಕೆ ಚಾಚಿ, ಬುಡಕ್ಕೆ ಜೇಡಿ ಮಣ್ಣು ಹೊಡೆಸಿ ಇಳಿಜಾರು ಸರಿಪಡಿಸುವುದಕ್ಕೆ ಅಗೆತದ ಖರ್ಚಿನ ಚಿಕ್ಕ ಪಾಲು ಸಾಕು. ಒಂದು ಮಳೆಗಾಲ ಕಾದು ನೋಡದೆ ಇದಕ್ಕಿಂತ ದೊಡ್ಡ ಕೆಲಸಕ್ಕೆ ಕೈಹಾಕಬಾರದು.

ಇಷ್ಟಕ್ಕೂ ಬಗ್ಗದಿದ್ದರೆ, ಅಂತರ್ಜಲವೇ ಮೇಲಿದ್ದರೆ, ಸರಿಯಾದ ದಾರಿ ಹೊರಗಿನಿಂದ ತಳಪಾಯದವರೆಗೆ ಅಗೆಯುವುದು: ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಬಿರುಕಿನ ಜೊತೆ ಹಿಗ್ಗಬಲ್ಲ ರಬ್ಬರಿನಂಥ ಪೊರೆ, ತಳದಲ್ಲಿ ಜಲ್ಲಿ ಸುತ್ತಿದ ತೂತಿನ ಪೈಪು. ಹಳೆಯ ಮನೆಗಳ ಹೊರಮೈಯ ಡಾಂಬರು ತೇವವನ್ನಷ್ಟೇ ತಡೆಯುತ್ತದೆ; ಬಿರುಕು ಬಿಟ್ಟ ಕಡೆ ಅದೂ ಬಿರಿಯುತ್ತದೆ. ಹೀಗೆ ಹೊರಗಿನಿಂದ ಅಗೆಯುವುದು ದುಬಾರಿ, ಗಿಡಮರ, ಜಗಲಿ ಎಲ್ಲ ಕೀಳಬೇಕು, ಪಕ್ಕದ ಮನೆ ಒತ್ತಿಕೊಂಡಿದ್ದರೆ ಆಗುವುದೇ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆಗ ಒಳಗಿನ ಚರಂಡಿಯೇ ಗತಿ. ನೆಲದಂಚನ್ನು ಒಡೆದು ಪೈಪು ಹಾಕಿ, ತಳದ ವರಸೆಯ ಪೊಳ್ಳುಗಳಿಗೆ ತೂತು ಕೊರೆದು, ಬಂದ ನೀರನ್ನು ಗುಂಡಿಗೆ ಹರಿಸಿ ಪಂಪಿನಿಂದ ಹೊರಹಾಕುತ್ತಾರೆ. ಬಣ್ಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು: ಇದು ನೀರನ್ನು ತಡೆಹಿಡಿಯದೆ ದಾರಿ ಕೊಟ್ಟು ಒತ್ತಡವನ್ನೇ ಇಳಿಸುತ್ತದೆ. ಗೋಡೆ ಮಾತ್ರ ಒದ್ದೆಯಾಗಿಯೇ ಉಳಿಯುತ್ತದೆ, ಅದನ್ನು ಒಪ್ಪಿಕೊಂಡೇ ಮಾಡಿಸಬೇಕು. ಬಿರುಗಾಳಿ ಮಳೆಯಲ್ಲಿ ಕರೆಂಟು ಹೋಗುವುದರಿಂದ ಪಂಪಿಗೆ ಬ್ಯಾಟರಿ ಇರಲೇಬೇಕು. ಗುಂಡಿಯ ಮೂಲಕ ನೆಲದಡಿಯ ರೇಡಾನ್ ಅನಿಲ ಮನೆಯೊಳಗೆ ಬರಬಹುದಾದ್ದರಿಂದ ಅದಕ್ಕೆ ಗಾಳಿಯಾಡದ ಮುಚ್ಚಳವೂ ಬೇಕು.

ಇವುಗಳಲ್ಲಿ ಯಾವುದಕ್ಕೇ ಹೊರಡುವ ಮೊದಲು ಗೋಡೆಯ ಉದ್ದಕ್ಕೂ ಗುಂಡು ಕಟ್ಟಿದ ದಾರವನ್ನು ಅಲ್ಲಲ್ಲಿ ಮೇಲಿನಿಂದ ಇಳಿಬಿಟ್ಟು ನೋಡುವುದು ಒಳ್ಳೆಯದು. ನಡುಮಟ್ಟದ ಸಂದಿನಲ್ಲಿ ಅಡ್ಡಡ್ಡ ಬಿರುಕು ಓಡಿದ್ದು, ಗೋಡೆ ಅಲ್ಲಿ ಒಳಕ್ಕೆ ಉಬ್ಬಿದ್ದರೆ, ನೆನೆದ ಮಣ್ಣಿನ ಭಾರವೋ ಹೆಪ್ಪುಗಟ್ಟಿದ ಮಣ್ಣಿನ ತಳ್ಳುವಿಕೆಯೋ ಗೋಡೆಯ ಶಕ್ತಿಯನ್ನು ಮೀರಿದೆ ಎಂದರ್ಥ. ಅಲ್ಲಿಗೆ ಮೊದಲು ಬರಬೇಕಾದವರು ಕಟ್ಟಡದ ಬಲಾಬಲ ಬಲ್ಲ ಸ್ಟ್ರಕ್ಚರಲ್ ಇಂಜಿನಿಯರು. ಸೋರಿಕೆಯ ಕೆಲಸ ಅವರು ಗೋಡೆಗೆ ಆಸರೆ ಹೇಳಿದ ಮೇಲೆ.